ಅತ್ತೆಯ ರೊಟ್ಟಿಯೂ ಹರಿಹರದ ಗ್ರಾನೈಟ್ ಕಟ್ಟೆಯೂ

ನನಗೆ ಜಗಳವಾಡಲು ಬರುವುದಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಕೊರತೆ ಎಂದೇ ಹೇಳುತ್ತಿದ್ದೇನೆ. ಎದುರಿನವರು ದನಿ ಏರಿಸಿದ ಕೂಡಲೇ ನನ್ನ ನಾಲಿಗೆ ರಜೆ ಹಾಕಿ ಹೋಗುತ್ತದೆ. ಆಡಬೇಕಾಗಿದ್ದ ಮಾತುಗಳೆಲ್ಲ ಮೂರು ಗಂಟೆ ತಡವಾಗಿ, ಪಾತ್ರೆ ತೊಳೆಯುವಾಗ, ಸಾಲಾಗಿ ಬಂದು ನಿಲ್ಲುತ್ತವೆ. ಹೀಗೆ ಎದುರಾಳಿಯೇ ಇಲ್ಲದ ಹೊತ್ತಿನಲ್ಲಿ ಸಿಂಕಿನ ಮುಂದೆ ನಿಂತು ನಾನು ಗೆದ್ದ ಜಗಳಗಳಿಗೆ ಲೆಕ್ಕವಿಲ್ಲ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿಯಿದೆ. ಅಲ್ಲಿಯೂ ಇದೇ ಕಥೆ. ಹೊಸ ಕನ್ನಡಕ ಹಾಕಿಕೊಂಡರೆ ನೆಲ ಉಬ್ಬುತಗ್ಗಾಗಿ ಕಾಣುತ್ತದೆ ಎಂದು ಯಾರಾದರೂ ತಕರಾರು ತಂದರೆ, ನಮ್ಮೂರಿನ ನೆಲ ಇರುವುದೇ ಹಾಗೆ ಎಂದು ಹೇಳುವ ಧೈರ್ಯ ನನಗಿಲ್ಲ. ಸುಮ್ಮನೆ ಗಾಜು ಬದಲಿಸಿಕೊಡುತ್ತೇನೆ. "ನಿನ್ನ ಮಾರಿ ನೋಡಿದ್ರೆ ಸಾಕು, ಬದ್ನಿಕಾಯಿ ರೇಟು ತಾನ ಏರ್ತತೆ" ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಇಂಥ ನಾನು ಒಂದು ಬ್ಯಾಂಕು, ಒಂದು ವಿದೇಶಿ ಕಂಪನಿ ಮತ್ತು ಹರಿಹರದ ಒಬ್ಬ ಮನೆಮಾಲೀಕರು, ಈ ಮೂವರ ಜೊತೆ ಒಟ್ಟಿಗೇ ಜಗಳಕ್ಕೆ ನಿಂತೆ. ಗೆದ್ದೂ ಬಿಟ್ಟೆ. ಗೆದ್ದದ್ದೇ ತೊಂದರೆಯಾಯಿತು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯ ನೆಲದ ಟೈಲ್ಸು ಒಂದೊಂದಾಗಿ ಎದ್ದು, ನಡೆದರೆ ಟಕಟಕ ಎನ್ನತೊಡಗಿದ್ದವು. ಕೆಲಸದ ಮೇಸ್ತ್ರಿ ಬಂದು ನೋಡಿ, "ಹತ್ತು ದಿನ ಮನಿ ಖಾಲಿ ಮಾಡ್ಕೊಡ್ರಿ, ಹನ್ನೊಂದನೇ ದಿನ ಕನ್ನಡಿ ಕಂಡಂಗ ಕಾಣ್ತತೆ" ಎಂದ. ಮನೆಯಲ್ಲಿರುವುದು ಮೂರೇ ಜನ: ನಾನು, ಯಜಮಾನರು, ಮತ್ತು ಎಂಬತ್ತರ ಹತ್ತಿರದ ನಮ್ಮ ಅತ್ತೆ ಗುರುಬಸಮ್ಮನವರು. ಆವರಗೆರೆಯಲ್ಲಿ ಅತ್ತೆಯ ಕಿರಿಮಗನ ಮನೆಯಿದೆ, ಮೂರು ರೂಮಿನದು. ಆದರೆ ಆ ಸೊಸೆಗೂ ಅತ್ತೆಗೂ ಒಂದು ಕುಕ್ಕರಿನ ವಿಷಯವಾಗಿ ಆರು ವರ್ಷದಿಂದ ಮಾತಿಲ್ಲ. ಮಾತಿಲ್ಲದ ಮನೆಯಲ್ಲಿ ಹತ್ತು ದಿನ ಇರುವುದಕ್ಕಿಂತ ಟೈಲ್ಸಿಲ್ಲದ ಮನೆಯಲ್ಲಿ ಇರುವುದೇ ಸುಖ. ಕೊನೆಗೆ ಯಜಮಾನರು ಫೋನಿನಲ್ಲಿ, ಬಾಡಿಗೆ ಮನೆ ಕೊಡಿಸುವ ಒಂದು ವಿದೇಶಿ ಕಂಪನಿಯ ಆ್ಯಪಿನಲ್ಲಿ ಹುಡುಕಿ ಹರಿಹರದಲ್ಲಿ ಒಂದು ಮನೆ ಹಿಡಿದರು. ಮಂಚ, ಗ್ಯಾಸು, ಪಾತ್ರೆ ಎಲ್ಲವೂ ಇರುವ, ದಿನದ ಬಾಡಿಗೆಯ ಮನೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಅಂಗಡಿ ಮುಚ್ಚಬೇಕಾಗಿಲ್ಲ. ಕಿಟಕಿಯಿಂದ ಹೊಳೆ ಕಾಣುತ್ತದೆ ಎಂದು ಚಿತ್ರ ಬೇರೆ ಹಾಕಿದ್ದರು. ಕಾಣುತ್ತಿತ್ತು, ಸುಳ್ಳಲ್ಲ. ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ನಿಂತು ಎಡಕ್ಕೆ ಕತ್ತು ಚಾಚಿದರೆ ತುಂಗಭದ್ರೆಯ ಒಂದು ಮೊಳ ಕಾಣುತ್ತಿತ್ತು. ಯಜಮಾನರು ಇಳಿಯುವ ಹೊತ್ತಿಗೆ ಸ್ಟೂಲಿನ ಒಂದು ಕಾಲು ಸಡಿಲವಾಯಿತು. ಆ ವಿಷಯ ನಾವು ಯಾರಿಗೂ ಹೇಳಲಿಲ್ಲ.

ಮನೆ ಹಿಡಿಯಲು ಕೊಟ್ಟದ್ದು ನನ್ನ ಕ್ರೆಡಿಟ್ ಕಾರ್ಡು. ಅದು ನನ್ನ ಬಳಿ ಬಂದದ್ದೇ ಆಕಸ್ಮಿಕ. ಕನ್ನಡಕಕ್ಕೆ ಬಂದ ಬ್ಯಾಂಕಿನವನೊಬ್ಬ ಚೌಕಾಸಿಯಿಲ್ಲದೆ ದುಬಾರಿ ಫ್ರೇಮು ತೆಗೆದುಕೊಂಡ. ಆ ಋಣಕ್ಕೆ ಅವನು ಚಾಚಿದ ಅರ್ಜಿಗೆ ನಾನು ಸಹಿ ಹಾಕಿದೆ. ಕಾರ್ಡಿನ ನಂಬರನ್ನು ಆ ವಿದೇಶಿ ಕಂಪನಿ "ಭದ್ರತೆಗಾಗಿ" ಇಟ್ಟುಕೊಳ್ಳುತ್ತದಂತೆ. ಯಾರ ಭದ್ರತೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿ ಎರಡು ಪುಟ ನಿಯಮಗಳಿದ್ದವು. ದಿನವಿಡೀ ಊರಿನವರಿಗೆ ಸಣ್ಣ ಅಕ್ಷರ ಓದಿಸುವವಳು ನಾನು. ಅದನ್ನು ಮಾತ್ರ ಓದದೆ ಒಪ್ಪಿಗೆ ಒತ್ತಿದೆ.

ಮನೆಯ ಮಾಲೀಕರು ಪರಮೇಶ್ವರಪ್ಪ. ಯಾವುದೋ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ನಿವೃತ್ತರಾದವರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪಕ್ಕದಲ್ಲೇ ಅವರ ವಾಸ. ದಿನಾ ಸಂಜೆ ಬಂದು "ಏನೂ ತೊಂದ್ರಿ ಇಲ್ಲಲ್ರಿ?" ಎಂದು ಕೇಳುತ್ತ, ನಮ್ಮ ಉತ್ತರ ಕೇಳಿಸಿಕೊಳ್ಳದೆ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಹೋಗುತ್ತಿದ್ದರು. ಗೋಡೆಯ ಮೇಲೆ ಇಪ್ಪತ್ತಾರು ನಿಯಮಗಳ ಪಟ್ಟಿ ಪ್ಲಾಸ್ಟಿಕ್ಕಿನೊಳಗೆ ಮೆರೆಯುತ್ತಿತ್ತು. ಗೋಡೆಗೆ ಎಣ್ಣೆತಲೆ ಆನಿಸಬಾರದು. ಫ್ಯಾನು ಐದಕ್ಕೆ ಇಡಬಾರದು. ಸೋಫಾದ ಕೈಮೇಲೆ ಕೂರಬಾರದು. ಎಲ್ಲಿ ಕೂರಬಹುದು ಎಂಬುದಕ್ಕೆ ನಿಯಮವಿರಲಿಲ್ಲವಾಗಿ ನಮ್ಮ ಅತ್ತೆ ಇದ್ದಷ್ಟು ದಿನವೂ ನೆಲದ ಮೇಲೇ ಕೂತರು.

ಆದರೆ ರೊಟ್ಟಿ ಬಡಿಯಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಜೋಳದ ರೊಟ್ಟಿಯಿಲ್ಲದೆ ನಮ್ಮ ಅತ್ತೆಗೆ ಬೆಳಗಾಗುವುದಿಲ್ಲ. ಮನೆಯಲ್ಲಾದರೆ ರೊಟ್ಟಿಗೆಂದೇ ಒಂದು ಮರದ ಹಲಗೆಯಿದೆ. ಅಲ್ಲಿ ಇರಲಿಲ್ಲ. ಒಲೆ, ಸಿಂಕು ಎರಡನ್ನೂ ಕೂರಿಸಿದ್ದ ಕರಿ ಗ್ರಾನೈಟಿನ ಅಡುಗೆಕಟ್ಟೆಯ ಮೇಲೆಯೇ ಹಿಟ್ಟು ಹರಡಿ ಅವರು ಬಡಿಯತೊಡಗಿದರು. ದಿನಕ್ಕೆ ಎಂಟು ರೊಟ್ಟಿ. ಆ ಸದ್ದಿಗೆ ನಾನು ಅಲಾರಂ ಇಡುವುದನ್ನೇ ಬಿಟ್ಟೆ. ಹತ್ತು ದಿನ ಮುಗಿಯಿತು, ಮೇಸ್ತ್ರಿ ಇನ್ನೆರಡು ದಿನ ಎಂದ, ಅದೂ ಮುಗಿಯಿತು. ಪರಮೇಶ್ವರಪ್ಪನವರಿಗೆ ಬೀಗದ ಕೈ ಕೊಟ್ಟು, ಅವರ ಹೆಂಡತಿ ಸುಮಿತ್ರಮ್ಮ ಕೊಟ್ಟ ಕುಂಕುಮ ಹಚ್ಚಿಸಿಕೊಂಡು ವಾಪಸು ಬಂದೆವು. ನಮ್ಮ ನೆಲ ಕನ್ನಡಿಯಂತೆ ಕಾಣುತ್ತಿತ್ತು. ಅತ್ತೆ ಮೊದಲ ದಿನವೇ ಅದರ ಮೇಲೆ ಜಾರಿದರು, ಆದರೆ ಬೀಳಲಿಲ್ಲ.

ಎರಡು ವಾರದ ನಂತರ ಮಧ್ಯಾಹ್ನ, ಅಂಗಡಿಯಲ್ಲಿ ಒಬ್ಬರ ಮೂಗಿನ ಅಳತೆ ತೆಗೆಯುತ್ತಿದ್ದಾಗ ಫೋನು ಗುಂಯ್ ಎಂದಿತು. ನನ್ನ ಕಾರ್ಡಿನಿಂದ ಹದಿನಾಲ್ಕು ಸಾವಿರದ ಚಿಲ್ಲರೆ ಹೋಗಿದೆ. ಒಟಿಪಿ ಬಂದಿಲ್ಲ, ಯಾರೂ ನನ್ನನ್ನು ಏನೂ ಕೇಳಿಲ್ಲ. ಒಟಿಪಿ ಕೊಡದಿದ್ದರೆ ದೇವರೂ ಹಣ ತೆಗೆಯಲಾರ ಎಂದು ಅದುವರೆಗೆ ನಂಬಿದ್ದೆ. ವಿದೇಶಿ ಕಂಪನಿಗಳಿಗೆ ಅದರ ಹಂಗಿಲ್ಲವೆಂದು ಆಮೇಲೆ ತಿಳಿಯಿತು. ಕಾರಣದ ಜಾಗದಲ್ಲಿ "ಆಸ್ತಿಗೆ ಹಾನಿ" ಎಂದಿತ್ತು. ನನಗೆ ಮೊದಲು ನೆನಪಾದದ್ದು ಸ್ಟೂಲು. ಹದಿನಾಲ್ಕು ಸಾವಿರದ ಸ್ಟೂಲು ಯಾವ ಊರಿನಲ್ಲೂ ಇರಲಾರದು ಎಂದು ಧೈರ್ಯ ತಂದುಕೊಂಡು ಪರಮೇಶ್ವರಪ್ಪನವರಿಗೆ ಫೋನು ಮಾಡಿದೆ.

"ಅಡಿಗಿ ಕಟ್ಟಿ ಸೀಳೈತೆ ಅಮ್ಮಾರೆ, ಸಿಂಕಿನ ಹತ್ರ. ಫೋಟೋ ಹಾಕೀನಿ ನೋಡ್ರಿ, ಪಕ್ಕದಾಗ ಸ್ಕೇಲು ಇಟ್ಟು ತೆಗದೀನಿ" ಎಂದರು ಅವರು, ಬಹಳ ಮರ್ಯಾದೆಯಿಂದ.

"ಅದು ನಮ್ಮಿಂದ ಹೆಂಗಾತ್ರಿ?"

"ನಿಮ್ಮತ್ತಿಯೋರು ದಿನಾ ಬೆಳಗ್ಗೆ ರೊಟ್ಟಿ ಬಡೀತಿದ್ರಲ್ರಿ. ನಮ್ಮನಿತನಕ ಕೇಳಿಸ್ತಿತ್ತು."

"ಹಣ ತೆಗಿಯೋ ಮುಂಚೆ ಒಂದು ಮಾತು ಕೇಳಬೇಕಿತ್ತಲ್ರಿ."

ಅವರು ಸ್ವಲ್ಪ ಯೋಚಿಸಿ, ಒಂದಿಷ್ಟೂ ಕಪಟವಿಲ್ಲದ ದನಿಯಲ್ಲಿ ಹೇಳಿದರು: "ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ."

ನನ್ನ ಅಭ್ಯಾಸದಂತೆ "ಹೌದ್ರಿ" ಎಂದು ಫೋನಿಟ್ಟೆ.

ವಿಷಯವನ್ನು ಅತ್ತೆಯಿಂದ ಮುಚ್ಚಿಡಬೇಕೆಂದು ನಾವಿಬ್ಬರೂ ನಿರ್ಧರಿಸಿದೆವು. ಅದು ಅರ್ಧ ಗಂಟೆಯೂ ಉಳಿಯಲಿಲ್ಲ. ಯಜಮಾನರು ತಾಯಿಯ ಕೈಗಳನ್ನೇ ನೋಡುತ್ತ ಊಟ ಮಾಡುತ್ತಿದ್ದರು. "ಏನಾಗೇತೆ ನನ್ನ ಕೈಗೆ?" ಎಂದು ಅತ್ತೆ ಕೇಳಿದರು, ಇವರು ಹೇಳಿಬಿಟ್ಟರು. ಅತ್ತೆ ಕೂಗಾಡಲಿಲ್ಲ. ತಟ್ಟೆಯನ್ನು ಸರಿಸಿ ಎದ್ದು, "ನಾನು ಇದ್ದ ಮನಿ ಕಲ್ಲು ಒಡದಾಕಿ ಅಂತ ಹರಿಹರದಾಗ ಹೆಸರಾತಲ್ಲ" ಎಂದರು. ಆ ರಾತ್ರಿಯ ಪಾತ್ರೆ ತೊಳೆಯುವಾಗ ಎಂದಿನಂತೆ ನನಗೆ ಮಾತುಗಳು ಬಂದವು. ಆದರೆ ಈ ಸಲ ಅವು ಅಲ್ಲೇ ಕರಗಲಿಲ್ಲ. ಹಣ ಹೋದದ್ದಕ್ಕಿಂತ ಆ ಮುದುಕಿ ಊಟ ಬಿಟ್ಟು ಎದ್ದದ್ದು ನನಗೆ ನಾಟಿತ್ತು. ಈ ಮಾತನ್ನು ನಾನು ಅವರೆದುರು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ.

ಮರುದಿನ ಬ್ಯಾಂಕಿಗೆ ಫೋನು ಮಾಡಿದೆ. ಕನ್ನಡಕ್ಕಾಗಿ ಎರಡು ಒತ್ತಿರಿ ಎಂದಿತು. ಎರಡು ಒತ್ತಿದರೆ ಹಿಂದಿ ಬಂತು. ಹಿಂದಿ ಒತ್ತಿದರೆ ಸಂಗೀತ ಬಂತು. ಬಹಳ ಹೊತ್ತಿನ ಮೇಲೆ ಕನ್ನಡ ಬಲ್ಲ ಹುಡುಗಿಯೊಬ್ಬಳು ಸಿಕ್ಕಳು.

"ಕಾರ್ಡ್ ನಿಮ್ಮ ಹತ್ರಾನೇ ಇದೆಯಾ ಮ್ಯಾಮ್?"

"ಇದೆ."

"ಹಣ ತಗೊಂಡವರು ನಿಮಗೆ ಪರಿಚಯಾನಾ?"

"ಚೆನ್ನಾಗಿ ಪರಿಚಯ. ಅವರ ಮನೆಯವರು ನನಗೆ ಕುಂಕುಮ ಕೊಟ್ಟಿದ್ದಾರೆ."

"ಹಾಗಾದ್ರೆ ಇದು ಫ್ರಾಡ್ ಆಗಲ್ಲ ಮ್ಯಾಮ್, ಡಿಸ್ಪ್ಯೂಟ್ ಆಗುತ್ತೆ. ಫಾರಂ ಕಳಿಸ್ತೀನಿ" ಎಂದಳು. ಕುಂಕುಮ ಕೊಟ್ಟವರು ಕಳ್ಳರಾಗಲಾರರು ಎಂಬುದು ಬ್ಯಾಂಕಿನ ನಿಲುವೂ ಆಗಿದ್ದು ನನಗೆ ಸೋಜಿಗವೆನಿಸಿತು.

ಫಾರಂ ಬಂತು. ಅದರಲ್ಲಿ ಕಾರಣಗಳ ಪಟ್ಟಿ: ಸಾಮಾನು ಬಂದಿಲ್ಲ, ಬಂದ ಸಾಮಾನು ಕೆಟ್ಟಿದೆ, ಎರಡು ಸಲ ಹಣ ಹೋಗಿದೆ, ನನ್ನ ಒಪ್ಪಿಗೆಯಿಲ್ಲದೆ ಹಣ ಹೋಗಿದೆ. ಕೊನೆಯದಕ್ಕೆ ಗುರುತು ಹಾಕಿದೆ. ಅದರ ಕೆಳಗೆ, ಐದುನೂರು ಅಕ್ಷರ ಮೀರದಂತೆ, ಇಂಗ್ಲಿಷಿನಲ್ಲಿ ವಿವರಿಸಬೇಕು. ರೊಟ್ಟಿ ಎಂದರೇನು, ಅದನ್ನು ಬಡಿಯುವುದೆಂದರೇನು ಎಂದು ಎಲ್ಲೋ ಕೂತ ಅಧಿಕಾರಿಗೆ ಹೇಗೆ ಹೇಳುವುದು? ಯಜಮಾನರು ಬರೆದ ಮೊದಲ ಕರಡಿನ ಪ್ರಕಾರ, ನನ್ನ ಅತ್ತೆ ಪ್ರತಿದಿನ ಬೆಳಿಗ್ಗೆ ಬಡಿಯುತ್ತಾರೆ, ಆದರೆ ಯಾವ ಹಾನಿಯೂ ಆಗಿಲ್ಲ ಎಂದು ನಾನೇ ಹೇಳಿದಂತಾಗಿತ್ತು. ಬ್ಯಾಂಕಿನವರು ಅದನ್ನು ಪೊಲೀಸರಿಗೆ ಕಳಿಸಿದರೆ ಗತಿಯೇನು ಎಂದು ಹರಿದು ಹಾಕಿದೆ. ಎರಡನೆಯ ಕರಡಿನಲ್ಲಿ ಅತ್ತೆಯ ವಯಸ್ಸು, ತೂಕ ನಲವತ್ತೊಂದು ಕಿಲೋ, ಗ್ರಾನೈಟಿನ ದಪ್ಪ ಇವಿಷ್ಟನ್ನು ಕೊಟ್ಟು ತೀರ್ಮಾನವನ್ನು ಅವರ ವಿವೇಕಕ್ಕೆ ಬಿಟ್ಟೆ. ಪುರಾವೆ ಲಗತ್ತಿಸಿ ಎಂದಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ರೊಟ್ಟಿ ಹಿಡಿದು ಕೂತು ಫೋಟೋ ತೆಗೆಸಿಕೊಂಡರು. ಅದನ್ನೂ ಕಳಿಸಿದೆ. ಒಂದೆರಡು ತಿಂಗಳು ಹಿಡಿಯುತ್ತದೆ ಎಂಬ ಉತ್ತರ ಬಂತು.

ಅತ್ತೆಯದು ಒಂದೆರಡು ತಿಂಗಳು ಕಾಯುವ ವಯಸ್ಸಲ್ಲ. ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಸ್ಟೀಲಿನ ಡಬ್ಬಿಗೆ ಜೋಳದ ಹಿಟ್ಟು ತುಂಬಿ, ಹೆಂಚನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟು ತಯಾರಾಗಿದ್ದರು. "ಶೋಭಾ, ಬಸ್ಸಿಗೆ ಹೊತ್ತಾಗ್ತತೆ" ಎಂದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಹೆಂಚು ಹೊರುವ ಕೆಲಸ ಯಜಮಾನರಿಗೆ ಬಂತು. ಬಸ್ಸಿನಲ್ಲಿ ಕಂಡಕ್ಟರು ಅದೇನು ಲಗೇಜು ಎಂದು ಕೇಳಿದಾಗ ಅವರು "ಸಾಕ್ಷಿ" ಎಂದರು.

ಹರಿಹರದ ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಪರಮೇಶ್ವರಪ್ಪ, ಸುಮಿತ್ರಮ್ಮ, ಜೊತೆಗೆ ಹೊಸ ಕಲ್ಲಿನ ಅಳತೆಗೆ ಬಂದಿದ್ದ ಮಲೆಬೆನ್ನೂರಿನ ದಾದಾಪೀರ್. ಗ್ರಾನೈಟ್ ಕೂರಿಸುವುದೇ ದಾದಾಪೀರರ ಕೆಲಸ, ಕಿವಿಯ ಮೇಲೆ ಪೆನ್ಸಿಲ್ಲು ಇಟ್ಟುಕೊಂಡ ನಿಧಾನಸ್ಥರು. "ಬರ್ರಿ, ಕೂಡ್ರಿ" ಎಂದರು ಪರಮೇಶ್ವರಪ್ಪ, ತಬ್ಬಿಬ್ಬಾಗಿ. ಅತ್ತೆ ಕೂರಲಿಲ್ಲ. ನೇರ ಅಡುಗೆಮನೆಗೆ ಹೋಗಿ ಸೆರಗು ಸಿಕ್ಕಿಸಿ, ಒಲೆಯ ಮೇಲೆ ನೀರಿಟ್ಟರು.

"ಯಾವ ಕಡಿ ಸೀಳಿಲ್ಲ ತೋರ್ಸಪ್ಪ" ಎಂದರು.

"ಈ ಕಡಿ ಚಂದೈತ್ರಿ. ಯಾಕ್ರಿ?"

"ಅದರ ಮ್ಯಾಲೆ ಬಡೀತೀನಿ. ರೊಟ್ಟಿಗೆ ಕಲ್ಲು ಒಡೀತತೋ ಇಲ್ಲೋ ಕಣ್ಣಾರೆ ನೋಡು."

"ಅಮ್ಮಾ, ಬ್ಯಾಡ್ರಿ. ಅದೊಂದು ಅರ್ಧ ಉಳದೈತೆ."

"ಒಡದ್ರೆ ಈ ಬಳಿ ಬಿಚ್ಚಿ ಕೊಟ್ಟು ಹೋಗ್ತೀನಿ" ಎಂದು ಅತ್ತೆ ಎರಡೂ ಚಿನ್ನದ ಬಳೆಗಳನ್ನು ಮುಂದೋಳಿನವರೆಗೆ ಸರಿಸಿದರು. ಆ ಬಳೆ ಮಾವನವರು ಮಾಡಿಸಿದ್ದು. ಅತ್ತೆಯ ನ್ಯಾಯದಲ್ಲಿ ನನಗೆ ನಂಬಿಕೆಯಿತ್ತು, ಗ್ರಾನೈಟಿನಲ್ಲಿ ಇರಲಿಲ್ಲ.

ಮೊದಲ ರೊಟ್ಟಿ ಬಿತ್ತು. ಪ್ರತಿ ಪೆಟ್ಟಿಗೂ ಪರಮೇಶ್ವರಪ್ಪನವರ ಭುಜ ಅದುರುತ್ತಿತ್ತು. ಎರಡು, ಮೂರು. ಕಲ್ಲು ಸುಮ್ಮನಿತ್ತು. ನಾಲ್ಕನೆಯದರ ಹೊತ್ತಿಗೆ ದಾದಾಪೀರ್ ಕುಕ್ಕುರುಗಾಲಿನಲ್ಲಿ ಕೂತು ಮೊಬೈಲಿನ ಬೆಳಕು ಹಾಕಿ ಕಟ್ಟೆಯ ಕೆಳಗೆ ಇಣುಕಿದರು. ಆಮೇಲೆ ಎದ್ದು, ಸಿಂಕಿನ ಹತ್ತಿರದ ಬಿರುಕಿಗೆ ಒಂದು ಮೊಳೆ ತೂರಿಸಿ ಕೆರೆದು, ಅದರ ತುದಿಯನ್ನು ಎಲ್ಲರಿಗೂ ತೋರಿಸಿದರು. ಕರಿ ಜಿಡ್ಡು.

"ಸಾಹೇಬ್ರೆ, ಇದು ಈಗಿಂದಲ್ಲ. ಈ ಜಿಡ್ಡು ಕೂಡಾಕ ವರ್ಷ ಬೇಕು. ಸಿಂಕಿಗೆ ಕಲ್ಲು ಕೊಯ್ಯುವಾಗ್ಲೇ ಮೂಲ್ಯಾಗ ಗೆರಿ ಬಿದ್ದೈತೆ, ಅದ್ರ ಮ್ಯಾಗ ಕೆಳಗ ಸಪೋರ್ಟೇ ಕೊಟ್ಟಿಲ್ಲ. ಯಾರು ಕೂರ್ಸಿದ್ರು ಇದನ್ನ?"

ಹೆಂಚಿನ ಮೇಲಿನ ರೊಟ್ಟಿ ಉಬ್ಬಿ ಉಸ್ ಎಂದಿತು. ಕೊನೆಗೆ ಸುಮಿತ್ರಮ್ಮ, "ನಮ್ಮಣ್ಣ" ಎಂದರು. "ಹೋದ ಯುಗಾದಿಗೇ ನೋಡೀನಿ ನಾನು ಆ ಗೆರೀನ. ಕೂದ್ಲು ಅಂದ್ಕೊಂಡು ಮೂರು ಸಲ ಒರಸೀನಿ."

"ನನಗ್ಯಾಕ ಹೇಳಲಿಲ್ಲ?" ಎಂದರು ಪರಮೇಶ್ವರಪ್ಪ.

"ಹೇಳಿದ್ರೆ ನಮ್ಮಣ್ಣಗ ಬೈತಿದ್ರಿ."

ಪರಮೇಶ್ವರಪ್ಪ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಅದು ಅಲುಗಾಡಿತು. ನಾವು ಬೇರೆ ಕಡೆ ನೋಡಿದೆವು. ನಿವೃತ್ತಿಯ ಹಣವನ್ನೆಲ್ಲ ಈ ಮನೆಗೆ ಸುರಿದಿದ್ದಾರಂತೆ, ತಿಂಗಳಿಗೆ ಒಂದು ಪಾರ್ಟಿ ಬಂದರೆ ಹೆಚ್ಚಂತೆ. ಎಲ್ಲಿ ಏನು ಹಾಳಾದರೂ ನನ್ನ ಮೈಗೇ ಗಾಯವಾದಂತೆ ಆಗುತ್ತದೆ ಎಂದು ಅವರು ಹೇಳಿದಾಗ ನನಗೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವರು ಫೋನು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ನನ್ನ ನಂಬರು ಕೇಳಿ, ಅಷ್ಟೂ ಹಣವನ್ನು ಅಲ್ಲೇ ನನ್ನ ಖಾತೆಗೆ ಕಳಿಸಿದರು. ಅತ್ತೆಯ ಕಡೆ ತಿರುಗಿ "ತಪ್ಪಾತ್ರಿ" ಎಂದರು. ಅತ್ತೆ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವರ ಮುಂದೆ ನೂಕಿದರು. ಸುಮಿತ್ರಮ್ಮ ಶೇಂಗಾ ಚಟ್ನಿಪುಡಿ, ಮೊಸರು ತಂದರು. ದಾದಾಪೀರ್ ಎರಡು ರೊಟ್ಟಿ ತಿಂದು, "ಇಂಥ ಕೈ ಇದ್ರೆ ಕಲ್ಲಿಗೆ ಒಡಿಯಾಕೂ ಪುಣ್ಯ ಬೇಕು" ಎಂದರು. ಅತ್ತೆಗೆ ಅದು ಹದಿನಾಲ್ಕು ಸಾವಿರಕ್ಕಿಂತ ಹೆಚ್ಚಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಕನೇ ರೊಟ್ಟಿ ಬಡಿವಾಗ ಕಟ್ಟಿ ಸ್ವಲ್ಪ ಅಲ್ಲಾಡ್ತು. ನಾನು ಕೈ ಹಗರ ಮಾಡಿದೆ" ಎಂದರು.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಬ್ಯಾಂಕಿನಲ್ಲಿ ಕೊಟ್ಟ ದೂರು ಹಾಗೇ ಇತ್ತು. ಹಣ ಸಿಕ್ಕಿತು, ದೂರು ಬೇಡ ಎಂದು ಒಂದು ಸಾಲು ಬರೆಯಬೇಕಿತ್ತು. ಮೊದಲು ನಿಜವಾಗಿಯೂ ಮರೆತೆ. ಆಮೇಲೆ ಬ್ಯಾಂಕೇ ಕೇಳಿತು, ನಿಮಗೆ ಆ ಕಡೆಯಿಂದ ಹಣ ಬಂದಿದ್ದರೆ ತಿಳಿಸಿ ಎಂದು. ನಾಳೆ ತಿಳಿಸೋಣ ಎಂದುಕೊಂಡೆ. ಅಂಥ ನಾಳೆಗಳು ಹಲವು ಬಂದು ಹೋದವು. ಒಂದು ದಿನ ಬ್ಯಾಂಕು ನನ್ನ ಪರವಾಗಿ ತೀರ್ಪು ಕೊಟ್ಟು ಆ ಹಣವನ್ನು ಮತ್ತೊಮ್ಮೆ ನನ್ನ ಕಾರ್ಡಿಗೆ ಹಾಕಿತು. ಅದನ್ನು ವಿದೇಶಿ ಕಂಪನಿ ಪರಮೇಶ್ವರಪ್ಪನವರ ಖಾತೆಯಿಂದ ಕಿತ್ತುಕೊಳ್ಳುತ್ತದೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ನಾನು ಊಹಿಸಲಿಲ್ಲ. ಊಹಿಸದಿರಲು ಬಹಳ ಕಷ್ಟಪಟ್ಟೆ. ಓಡಾಟದ ಖರ್ಚು, ಹಿಟ್ಟಿನ ಖರ್ಚು, ಅತ್ತೆಯ ಮನಸ್ಸಿಗಾದ ನೋವು, ಎರಡನೇ ಕರಡು ಬರೆದ ಶ್ರಮ, ಇದೆಲ್ಲ ಸೇರಿಸಿದರೆ ಹೆಚ್ಚೂಕಡಿಮೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಬಿಡುವಾದಾಗಲೆಲ್ಲ ಲೆಕ್ಕ ಹಾಕಿದೆ. ಯಜಮಾನರಿಗೆ ಹೇಳಲಿಲ್ಲ. ಹೀಗೆ ಹನ್ನೊಂದು ದಿನ ಕಳೆಯಿತು.

ಹನ್ನೆರಡನೆಯ ದಿನ ಪರಮೇಶ್ವರಪ್ಪ ಒಂದು ಫೈಲು ಹಿಡಿದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಬಿಸಿಲಿಗೆ ಬಾಡಿದ್ದರು. ನೀರು ಕುಡಿದು, ಕಾಗದಗಳನ್ನು ಟೇಬಲ್ಲಿನ ಮೇಲೆ ಒಂದೊಂದಾಗಿ ಜೋಡಿಸಿದರು.

"ಅಮ್ಮಾರೆ, ತಪ್ಪು ತಿಳೀಬ್ಯಾಡ್ರಿ. ನಾನು ಅವತ್ತು ನಿಮಗ ಕೊಟ್ಟೀನಿ. ಈಗ ಕಂಪನಿಯೋರೂ ನನ್ನ ಕಡಿಂದ ತೆಗದಾರೆ. ಎಲ್ಲಿಗೆ ಹೋತು ಅಂತ ತಿಳಿವಲ್ದು. ನಿಮ್ಮ ಕಡಿ ಏನಾರ ಬಂದೈತೇನ್ರಿ?"

ನಾನು ಫೋನು ತೆಗೆದೆ. ಆಗಷ್ಟೇ ನೋಡುವವಳಂತೆ ಹುಬ್ಬು ಗಂಟಿಕ್ಕಿ, ಪರದೆಯನ್ನು ಮೇಲೆ ಕೆಳಗೆ ಸರಿಸಿದೆ. "ಹೌದ್ರಿ, ಬಂದಂಗೈತೆ" ಎಂದೆ. ನಟನೆ ನನಗೆ ಬರುತ್ತದೆಂದು ಐವತ್ತು ದಾಟಿದ ಮೇಲೆ ಗೊತ್ತಾಯಿತು. ಅವರೆದುರೇ ಅಷ್ಟೂ ಹಣವನ್ನು ಅವರ ಖಾತೆಗೆ ಕಳಿಸಿದೆ. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಕಣ್ಣಿನ ನಂಬರು ಪರೀಕ್ಷೆ ಮಾಡಿಸಿಕೊಂಡು, ಒಂದು ಕನ್ನಡಕಕ್ಕೆ ಹೇಳಿ, ಬೇಡವೆಂದರೂ ಮುಂಗಡ ಇಟ್ಟು ಹೋದರು.

ವಾರದ ನಂತರ ಆ ವಿದೇಶಿ ಕಂಪನಿಯಿಂದ ಒಂದು ಸಂದೇಶ ಬಂತು. ಬಾಡಿಗೆಗೆ ಬಂದವರ ಬಗ್ಗೆ ಮಾಲೀಕರೂ ನಾಲ್ಕು ಮಾತು ಬರೆಯಬಹುದಂತೆ. ಪರಮೇಶ್ವರಪ್ಪ ನನಗೆ ಐದಕ್ಕೆ ಐದು ಚುಕ್ಕಿ ಕೊಟ್ಟು ಬರೆದಿದ್ದರು: ಬಹಳ ಪ್ರಾಮಾಣಿಕ ಕುಟುಂಬ, ಕೇಳಿದ ಕೂಡಲೇ ಹಣ ಹಿಂತಿರುಗಿಸಿದರು. ಯಜಮಾನರು ಅದನ್ನು ಗಟ್ಟಿಯಾಗಿ ಓದಿದರು, ಅತ್ತೆ ಎರಡು ಸಲ ಓದಿಸಿ ಕೇಳಿಸಿಕೊಂಡರು. ಆಮೇಲೆ ನಾನೊಬ್ಬಳೇ ಕೂತು ಎಷ್ಟೋ ಸಲ ಓದಿದ್ದೇನೆ. ಹುಡುಕಿದರೂ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೇಳಿದ ಕೂಡಲೇ ಕೊಟ್ಟಿದ್ದೇನೆ.